ಗೋಪುರ ನೋಡಿ ಗುಡಿಯ ಬಗೆ ಹೇಳಬಹುದೇ? ನಾಗರ, ದ್ರಾವಿಡ, ವೇಸರ ಮತ್ತು ನಮ್ಮ ಜೀರ್ಣೋದ್ಧಾರಗಳು

2024ರ ಜನವರಿಯಲ್ಲಿ ಅಯೋಧ್ಯೆಯ ರಾಮಮಂದಿರದ ಪ್ರಾಣಪ್ರತಿಷ್ಠೆ ಆದಾಗ "ಇದು ನಾಗರ ಶೈಲಿಯ ಗುಡಿ" ಅನ್ನುವ ಮಾತು ಎಲ್ಲ ಕಡೆ ಕೇಳಿಬಂತು. ಅದಕ್ಕೆ ಕೆಲವೇ ತಿಂಗಳ ಮೊದಲು, 2023ರ ಸೆಪ್ಟೆಂಬರಿನಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದವು. ಆಗ 'ವೇಸರ' ಅನ್ನುವ ಪದದ ಸರದಿ. ಶಾಲೆಯಲ್ಲಿ ನಾವು ಕಲಿತದ್ದೂ ಇಷ್ಟೇ ಅಲ್ವಾ? ಉತ್ತರದ್ದು ನಾಗರ, ದಕ್ಷಿಣದ್ದು ದ್ರಾವಿಡ, ಎರಡರ ಬೆರಕೆ ವೇಸರ. ಪರೀಕ್ಷೆಗೆ ಇಷ್ಟು ಸಾಕು. ಗುಡಿಯನ್ನು ಉಳಿಸಿಕೊಳ್ಳುವುದಕ್ಕೆ ಸಾಲದು.

ಈಗ ಈ ಮಾತು ಎತ್ತಲು ಕಾರಣ ಇದೆ. ಊರೂರಲ್ಲಿ ಹಳೆ ಗುಡಿಗಳ ಜೀರ್ಣೋದ್ಧಾರ ನಡೆಯುತ್ತಿದೆ. ಚಂದಾ ಎತ್ತಿ, ಊರು ಬಿಟ್ಟು ಹೋದವರಿಂದ ದುಡ್ಡು ತರಿಸಿ, ಭಕ್ತಿಯಿಂದಲೇ ಮಾಡುವ ಕೆಲಸ ಇದು. ಆದರೆ ಕೆಲಸ ಮುಗಿದ ಮೇಲೆ ಬಯಲುಸೀಮೆಯ ಗುಡಿಯೂ ಮಲೆನಾಡಿನ ಗುಡಿಯೂ ಒಂದೇ ಥರ ಕಾಣುತ್ತವೆ. ಸಿಮೆಂಟಿನ ಗೋಪುರ, ಅದರ ತುಂಬ ಬಣ್ಣ ಬಳಿದ ಬೊಂಬೆಗಳು, ನೆಲಕ್ಕೆ ಹೊಳೆಯುವ ಗ್ರಾನೈಟ್. ಸಾವಿರ ವರ್ಷ ಬೇರೆ ಬೇರೆ ದಾರಿಯಲ್ಲಿ ಬೆಳೆದ ಗುಡಿಗಳು ಒಂದೆರಡು ತಲೆಮಾರಿನಲ್ಲಿ ಒಂದೇ ಅಚ್ಚಿಗೆ ಬೀಳುತ್ತಿವೆ. ನನ್ನ ಪ್ರಕಾರ ಇದಕ್ಕೆ ದುಡ್ಡಿನ ಕೊರತೆಯೋ ಭಕ್ತಿಯ ಕೊರತೆಯೋ ಕಾರಣವಲ್ಲ. ತಮ್ಮೂರ ಗುಡಿ ಯಾವ ಬಗೆಯದು ಅನ್ನುವುದು ಊರಿಗೆ ಗೊತ್ತಿಲ್ಲ, ಅಷ್ಟೇ. ಯಾರೂ ಹೇಳಿಯೂ ಇಲ್ಲ.

ಪಟ್ಟದಕಲ್ಲಿನ ಒಂದೇ ಅಂಗಳದಲ್ಲಿ

ನಾಗರಕ್ಕೂ ದ್ರಾವಿಡಕ್ಕೂ ಏನು ವ್ಯತ್ಯಾಸ ಅಂತ ಕಣ್ಣಾರೆ ನೋಡಲು ಪಟ್ಟದಕಲ್ಲಿಗಿಂತ ಒಳ್ಳೆಯ ಜಾಗ ಇಲ್ಲ. ಮಲಪ್ರಭೆಯ ದಂಡೆಯ ಮೇಲೆ, ಒಂದೇ ಅಂಗಳದಲ್ಲಿ, ಬಾದಾಮಿ ಚಾಲುಕ್ಯರು ಎರಡೂ ಬಗೆಯ ಗುಡಿ ಕಟ್ಟಿಸಿದ್ದಾರೆ. ಕಾಶಿ ವಿಶ್ವನಾಥ, ಗಳಗನಾಥ, ಜಂಬುಲಿಂಗ ನಾಗರ ಗುಡಿಗಳು. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ದ್ರಾವಿಡ.

ನಾಗರ ಗುಡಿಯ ಶಿಖರ ನೋಡುವಾಗ ಕಣ್ಣು ಕೆಳಗಿಂದ ಮೇಲಕ್ಕೆ ಓಡುತ್ತದೆ. ಗರ್ಭಗುಡಿಯ ಗೋಡೆಯಲ್ಲಿ ಸ್ವಲ್ಪ ಮುಂದಕ್ಕೆ ಚಾಚಿದ ಪಟ್ಟಿಗಳಿರುತ್ತವೆ. ಆ ಪಟ್ಟಿಗಳು ಗೋಡೆಗೇ ನಿಲ್ಲುವುದಿಲ್ಲ, ಶಿಖರದ ಮೇಲೂ ಮುಂದುವರಿಯುತ್ತವೆ. ಮೇಲೆ ಹೋಗುತ್ತಾ ನಿಧಾನವಾಗಿ ಒಳಕ್ಕೆ ಬಾಗಿ ಒಂದು ಕತ್ತಿನಲ್ಲಿ ಕೂಡುತ್ತವೆ. ಆ ಕತ್ತಿನ ಮೇಲೆ ಗೀರು ಗೀರಾದ ದುಂಡನೆಯ ಕಲ್ಲು, ಅದೇ ಆಮಲಕ. ಅದರ ಮೇಲೆ ಕಳಸ.

ದ್ರಾವಿಡದಲ್ಲಿ ಗರ್ಭಗುಡಿಯ ಮೇಲ್ಕಟ್ಟಿಗೆ ವಿಮಾನ ಅನ್ನುತ್ತಾರೆ, ಅದು ಹಾಗಲ್ಲ. ಅಲ್ಲಿ ಕಣ್ಣು ಅಂತಸ್ತಿನಿಂದ ಅಂತಸ್ತಿಗೆ ಹತ್ತಬೇಕು. ಒಂದೊಂದು ಅಂತಸ್ತಿಗೂ 'ತಲ' ಅಂತ ಹೆಸರು. ಪ್ರತಿ ತಲದ ಅಂಚಿನಲ್ಲಿ ಪುಟ್ಟ ಪುಟ್ಟ ಗುಡಿಗಳ ಸಾಲು ಇರುತ್ತದೆ. ಮೂಲೆಯಲ್ಲಿ ಚೌಕನೆಯ 'ಕೂಟ', ನಡುವೆ ಉದ್ದ ಮಾಡಿನ 'ಶಾಲೆ'. ಮೇಲೆ ಹೋದಂತೆ ಸಾಲು ಚಿಕ್ಕದಾಗಿ, ಕೊನೆಗೆ ಒಂದು ಗುಮ್ಮಟ ಉಳಿಯುತ್ತದೆ. ಇನ್ನೊಂದು ವಿಷಯ ಗೊತ್ತಿದ್ದರೆ ಗೊಂದಲ ತಪ್ಪುತ್ತದೆ. ಉತ್ತರದವರು ಇಡೀ ಮೇಲ್ಕಟ್ಟನ್ನು ಶಿಖರ ಅನ್ನುತ್ತಾರೆ. ದಕ್ಷಿಣದ ಶಾಸ್ತ್ರಗಳಲ್ಲಿ ಶಿಖರ ಅಂದರೆ ಆ ಕೊನೆಯ ಗುಮ್ಮಟ ಮಾತ್ರ.

ಎರಡರಲ್ಲೂ ಮೂಲ ಕಲ್ಪನೆ ಒಂದೇ ಅನ್ನುವುದು ನನಗೆ ತುಂಬಾ ಹಿಡಿಸಿದ ಸಂಗತಿ. ದೊಡ್ಡ ಗುಡಿ ಅಂದರೆ ಎಷ್ಟೋ ಸಣ್ಣ ಗುಡಿಗಳು ಸೇರಿ ಆದದ್ದು. ದ್ರಾವಿಡದಲ್ಲಿ ಅವು ಅಂತಸ್ತುಗಳಲ್ಲಿ ಸಾಲಾಗಿ ಕೂತಿವೆ. ನಾಗರದಲ್ಲಿ ಒಂದರೊಳಗೆ ಒಂದು ಸೇರಿಕೊಂಡು ಎದ್ದಿವೆ. ಖಜುರಾಹೊದ ಕಂದರಿಯಾ ಮಹಾದೇವ ಗುಡಿಯಲ್ಲಿ ಮುಖ್ಯ ಶಿಖರಕ್ಕೆ ಆತುಕೊಂಡು 84 ಕಿರುಶಿಖರಗಳಿವೆ. ಅದು ನಾಗರದಲ್ಲೇ ಮುಂದೆ ಬೆಳೆದ 'ಶೇಖರಿ' ಬಗೆ. ಒಂದೇ ಶಿಖರ ಇದ್ದರೆ 'ಲತಿನ'. ಕಿರುಶಿಖರಗಳು ಸರ ಪೋಣಿಸಿದ ಹಾಗೆ ನೇರ ಸಾಲಿನಲ್ಲಿ ಮೇಲಕ್ಕೆ ಹತ್ತಿದರೆ 'ಭೂಮಿಜ'. ಭೂಮಿಜಕ್ಕೆ ಮಧ್ಯಪ್ರದೇಶದ ಉದಯಪುರದ ಉದಯೇಶ್ವರ, ಮುಂಬೈ ಹತ್ತಿರದ ಅಂಬರನಾಥ, ಎರಡೂ 11ನೇ ಶತಮಾನದವು, ಒಳ್ಳೆಯ ಉದಾಹರಣೆ.

ಪಟ್ಟದಕಲ್ಲಿನ ವಿರೂಪಾಕ್ಷಕ್ಕೆ ಹಿಂತಿರುಗೋಣ. ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ 740ರ ಸುಮಾರಿಗೆ ಕಟ್ಟಿಸಿದ ಗುಡಿ ಇದು. ವಿಕ್ರಮಾದಿತ್ಯ ಕಂಚಿಯನ್ನು ಕೊಳ್ಳೆ ಹೊಡೆಯಲಿಲ್ಲ. ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ಗುಡಿಗೇ ಬಿಟ್ಟುಕೊಟ್ಟ. ಹಾಗಂತ ಅಲ್ಲೇ ಕನ್ನಡದಲ್ಲಿ ಶಾಸನ ಹಾಕಿಸಿದ. ಆ ಗುಡಿಯ ನೆರಳು ಪಟ್ಟದಕಲ್ಲಿನ ವಿರೂಪಾಕ್ಷದ ಮೇಲೆ ಬಿದ್ದಿದೆ. ವಿರೂಪಾಕ್ಷದ ನೆರಳು ಎಲ್ಲೋರದ ಕೈಲಾಸದ ಮೇಲೆ. ಅದು ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ್ದು, ಇಡೀ ಬಂಡೆಯನ್ನು ಮೇಲಿಂದ ಕೆಳಕ್ಕೆ ಕಡಿದು ತೆಗೆದ ದ್ರಾವಿಡ ಗುಡಿ. ಇರುವುದು ಇಂದಿನ ಮಹಾರಾಷ್ಟ್ರದಲ್ಲಿ. ಇತ್ತ ತೆಲಂಗಾಣದ ಆಲಂಪುರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಅದೇ ಬಾದಾಮಿ ಚಾಲುಕ್ಯರು ಕಟ್ಟಿಸಿದ ನವಬ್ರಹ್ಮ ಗುಡಿಗಳಲ್ಲಿ ಹೆಚ್ಚಿನವು ನಾಗರ. ಅಂದರೆ ನಕ್ಷೆಯ ಮೇಲೆ ಗೆರೆ ಎಳೆದು ಮೇಲಿನದು ನಾಗರ, ಕೆಳಗಿನದು ದ್ರಾವಿಡ ಅನ್ನುವುದು ನಡೆಯುವುದಿಲ್ಲ. ಗುಡಿಯ ಬಗೆ ಅನ್ನುವುದು ಕಟ್ಟುವ ವಿಧಾನ. ಸ್ಥಪತಿ, ಅಂದರೆ ಗುಡಿ ಕಟ್ಟುವ ಶಿಲ್ಪಿ, ಎಲ್ಲಿಗೆ ಹೋದನೋ ಅದೂ ಅಲ್ಲಿಗೆ ಹೋಯಿತು.

ಶಾಸ್ತ್ರ ಏನು ಹೇಳುತ್ತದೆ, ಶಾಸನ ಏನು ಹೇಳುತ್ತದೆ

ಹಳೆಯ ಶಾಸ್ತ್ರಗಳನ್ನು ತೆರೆದರೆ ಮೂರು ಹೆಸರಿನ ಲೆಕ್ಕ ಇನ್ನೂ ಸಡಿಲವಾಗುತ್ತದೆ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಗುಡಿಗಳ 20 ಬಗೆ ಹೇಳುತ್ತಾನೆ. ಮೇರು, ಮಂದರ, ಕೈಲಾಸ ಹೀಗೆ ಹೋಗುತ್ತದೆ ಆ ಪಟ್ಟಿ. ದಕ್ಷಿಣದ ಮಯಮತದಲ್ಲಿ ನಾಗರ, ದ್ರಾವಿಡ, ವೇಸರ ಮೂರೂ ಇವೆ. ಆದರೆ ಅಲ್ಲಿ ಅವು ಆಕಾರದ ಹೆಸರುಗಳು. ಚೌಕವಾದದ್ದು ನಾಗರ, ಎಂಟು ಮೂಲೆಯದು ದ್ರಾವಿಡ, ದುಂಡಾದದ್ದು ವೇಸರ. ಈ ಲೆಕ್ಕದಲ್ಲಿ ತಮಿಳುನಾಡಿನ ನಡುವೆ ನಿಂತ ಗುಡಿಯೂ ನಾಗರ ಆಗಬಹುದು, ಅದರ ತುದಿಯ ಗುಮ್ಮಟ ಚೌಕವಾಗಿದ್ದರೆ ಸಾಕು.

ಈಗ ನಾವು ಬಳಸುವ ಅರ್ಥ ಗಟ್ಟಿಯಾದದ್ದು ಈಚೆಗೆ. 19ನೇ ಶತಮಾನದಲ್ಲಿ ಬ್ರಿಟಿಷ್ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ ಭಾರತದ ಗುಡಿಗಳನ್ನು ಇಂಡೋ-ಆರ್ಯನ್, ದ್ರಾವಿಡ, ಚಾಲುಕ್ಯ ಅಂತ ವಿಂಗಡಿಸಿದ. ಜನಾಂಗದ ಹೆಸರನ್ನೂ ರಾಜವಂಶದ ಹೆಸರನ್ನೂ ಕಲ್ಲಿಗೆ ಅಂಟಿಸಿದ ವಿಂಗಡಣೆ ಅದು. ಆಮೇಲಿನ ವಿದ್ವಾಂಸರು ಆ ಹೆಸರುಗಳನ್ನು ಕೈಬಿಟ್ಟು ಶಾಸ್ತ್ರದ ಪದಗಳನ್ನು ತಂದರು. ಆದರೆ ದೇಶವನ್ನು ಹೋಳು ಮಾಡಿ ನೋಡುವ ಅಭ್ಯಾಸ ಉಳಿದುಹೋಯಿತು.

ಕನ್ನಡ ನಾಡಿನ ಶಾಸನಗಳಲ್ಲಿ ಬೇರೆಯೇ ಚಿತ್ರ ಇದೆ. ಹೊಳಲಿನ ಅಮೃತೇಶ್ವರ ಗುಡಿಯ ಒಂದು ಶಾಸನ ಬಮ್ಮೋಜ ಎಂಬ ಸ್ಥಪತಿಯನ್ನು ಹೊಗಳುತ್ತದೆ. ನಾಗರ, ಕಾಳಿಂಗ, ದ್ರಾವಿಡ, ವೇಸರ ಈ ನಾಲ್ಕೂ ಬಗೆ ಬಲ್ಲವನು ಅಂತ. ಗಮನಿಸಿ, ಮೂರಲ್ಲ, ನಾಲ್ಕು. ಕಾಳಿಂಗ ಅಂದರೆ ಒಡಿಶಾ ಕಡೆಯ ಕಟ್ಟಡದ ಹೆಸರು. ಎಲ್ಲಿಯ ಒಡಿಶಾ, ಎಲ್ಲಿಯ ಹೊಳಲು! ಅಷ್ಟು ದೂರದ ಬಗೆಯನ್ನೂ ಬಲ್ಲೆ ಅನ್ನುವುದು ಇಲ್ಲಿನ ಓಜರಿಗೆ, ಅಂದರೆ ಶಿಲ್ಪಿಗಳಿಗೆ, ಹೆಮ್ಮೆಯ ಮಾತಾಗಿತ್ತು. ಪಟ್ಟದಕಲ್ಲಿನ ಶಾಸನ ಸರ್ವಸಿದ್ಧಿ ಆಚಾರಿಯನ್ನು 'ತೆಂಕಣ ದಿಸೆಯ ಸೂತ್ರಧಾರಿ' ಅಂತ ಕರೆಯುತ್ತದೆ. ಸೂತ್ರಧಾರಿ ಅಂದರೆ ಇಲ್ಲಿ ಅಳತೆಯ ದಾರ ಹಿಡಿದು ಕಟ್ಟಿಸುವ ಸ್ಥಪತಿ. ಇದು ತೆಂಕಣದ ಪದ್ಧತಿ, ಇದರಲ್ಲಿ ಇವನು ನಿಪುಣ ಅನ್ನುವ ತಿಳಿವು 8ನೇ ಶತಮಾನದಲ್ಲೇ ಇತ್ತು ಅಂತಾಯಿತು. ಬಗೆಗಳು ಅವರಿಗೆ ಗೊತ್ತಿದ್ದವು, ಯಾವುದನ್ನು ಯಾವಾಗ ಬಳಸಬೇಕು ಅನ್ನುವುದನ್ನು ಅವರೇ ತೀರ್ಮಾನಿಸುತ್ತಿದ್ದರು.

ವೇಸರ ಬೆರಕೆಯಲ್ಲ, ಬೆಳವಣಿಗೆ

ವೇಸರವನ್ನು 'ಅರ್ಧ ಅದು, ಅರ್ಧ ಇದು' ಅಂತ ಹೇಳಿದರೆ ಕರ್ನಾಟಕದ ಸ್ಥಪತಿಗಳ 500 ವರ್ಷದ ಕೆಲಸಕ್ಕೆ ಅನ್ಯಾಯ ಮಾಡಿದಂತೆ. ಆ ಕೆಲಸ ಹಂತ ಹಂತವಾಗಿ ನಡೆದದ್ದು. ಗುಡಿಯಿಂದ ಗುಡಿಗೆ ಅದನ್ನು ನೋಡುತ್ತಾ ಹೋಗಬಹುದು.

ಶುರುವಾದದ್ದು ಪಟ್ಟದಕಲ್ಲಿನ ದ್ರಾವಿಡ ಗುಡಿಗಳಿಂದ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ, 11ನೇ ಶತಮಾನದಲ್ಲಿ, ಕಲ್ಲೇ ಬದಲಾಯಿತು. ಮರಳುಗಲ್ಲಿನ ಜಾಗಕ್ಕೆ ಬಳಪದ ಕಲ್ಲು ಬಂತು. 1050ರ ಸುಮಾರಿನ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಇದರ ಮೊದಲ ದೊಡ್ಡ ಉದಾಹರಣೆಗಳಲ್ಲಿ ಒಂದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಉಳಿಯ ಕೆಲಸ ಸೂಕ್ಷ್ಮವಾಯಿತು. ಕಂಬಗಳನ್ನು ತಿರುಗಣೆಗೆ ಹಾಕಿ ಹೊಳಪು ಬರುವಂತೆ ಮಾಡಿದರು.

ಜೊತೆಗೆ ಗೋಡೆಯೂ ಬದಲಾಯಿತು. ಗೋಡೆಯ ಚಾಚುಗಳು ಜಾಸ್ತಿಯಾದವು. ಚಾಚಿನ ಮೇಲೆ ಚಾಚು ಬಂದು, ನಡುವಿನ ಭಾಗ ಹೊರಕ್ಕೆ ನುಗ್ಗಿ, ಮೂಲೆಗಳು ಒಡೆದವು. ಮೇಲೆ ವಿಮಾನದಲ್ಲೂ ಅಂತಸ್ತುಗಳು ಒಂದಕ್ಕೊಂದು ಹತ್ತಿರ ಬಂದವು. ಕೂಟದ ಮೇಲೆ ಕೂಟ, ಶಾಲೆಯ ಮೇಲೆ ಶಾಲೆ ಕೂತು, ಅಡ್ಡ ಸಾಲುಗಳ ಬದಲು ಉದ್ದ ಸಾಲುಗಳು ಕಣ್ಣಿಗೆ ಬೀಳತೊಡಗಿದವು. ಬಿಡಿಭಾಗ ಒಂದೊಂದೂ ದ್ರಾವಿಡದ್ದೇ. ಆದರೆ ಒಟ್ಟು ನೋಟ ನಾಗರದ ಹಾಗೆ ಮೇಲಕ್ಕೆ ಎಳೆಯುತ್ತದೆ. ವೇಸರ ಅಂದರೆ ಇದು. ಲಕ್ಕುಂಡಿಯ ಕಾಶಿ ವಿಶ್ವೇಶ್ವರದಲ್ಲಿ, 1112ರ ಇಟಗಿಯ ಮಹಾದೇವ ಗುಡಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಇಟಗಿಯ ಶಾಸನ ತನ್ನ ಗುಡಿಯನ್ನು 'ದೇವಾಲಯ ಚಕ್ರವರ್ತಿ' ಅಂದುಕೊಂಡಿದೆ. ಅದು ಬರೀ ಬಡಾಯಿ ಅಂತ ನನಗೆ ಅನಿಸುವುದಿಲ್ಲ.

ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಇನ್ನೊಂದು ಹೆಜ್ಜೆ ಇದೆ. ಚೌಕವನ್ನು ಒಂದು ಬಿಂದುವಿನ ಸುತ್ತ ತಿರುಗಿಸುತ್ತಾ ಹೋಗಿ ನಕ್ಷತ್ರದ ತಳವಿನ್ಯಾಸ ಪಡೆದಿದ್ದಾರೆ, 24 ಮೊನೆಯ ನಕ್ಷತ್ರ. ತಳದಿಂದ ಶಿಖರದವರೆಗೆ ಆ ಮೊನೆಗಳು ಹಾಗೇ ಏರುತ್ತವೆ. ಸೂತ್ರ ಹಿಡಿದು ಲೆಕ್ಕ ಹಾಕುವ ಕೈ ಎಷ್ಟು ಪಳಗಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹೊಯ್ಸಳರು ಇದನ್ನೇ ಮುಂದುವರಿಸಿದರು. ಜಗತಿ, ಅಂದರೆ ಎತ್ತರದ ಕಟ್ಟೆಯ, ಮೇಲೆ ಗುಡಿ ಎತ್ತಿದರು. ಆದರೆ ಹೊಯ್ಸಳ ಗುಡಿ ಅಂದರೆ ನಕ್ಷತ್ರ ಅನ್ನುವುದೂ ಅರ್ಧ ಸತ್ಯ. ವಿಷ್ಣುವರ್ಧನನ ಕಾಲದಲ್ಲೇ ಕಟ್ಟಿದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ತಳ ಸಾದಾ ಚೌಕ. ಅದರಲ್ಲಿ ನಾಲ್ಕು ಗರ್ಭಗುಡಿಗಳು, ಅಂದರೆ ಚತುಷ್ಕೂಟ. ಅವುಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಸರಳ ಶಿಖರಗಳೂ ಇವೆ, ಅವಕ್ಕೆ 'ಕದಂಬ ನಾಗರ' ಅನ್ನುತ್ತಾರೆ. 1117ರ ಬೇಲೂರಿನಲ್ಲಿ ಮೆಟ್ಟಿಲ ಪಕ್ಕದ ಕಿರುಗುಡಿಗಳಿಗೆ ಭೂಮಿಜ ಶಿಖರ. ಬೇಲೂರಿನ ಮುಖ್ಯ ವಿಮಾನ ಈಗ ಇಲ್ಲ, ಹಳೇಬೀಡಿನಲ್ಲೂ ಇಲ್ಲ. ಮೂರು ವಿಮಾನಗಳೂ ಪೂರ್ತಿ ಉಳಿದಿರುವ ಸೋಮನಾಥಪುರ ಅದಕ್ಕೇ ಅಷ್ಟು ಮುಖ್ಯ. ಒಂದೇ ವಂಶ, ಒಂದೇ ಕಾಲ, ಆದರೂ ಇಷ್ಟು ಬಗೆ. ಕೇಳಿದ್ದನ್ನು ಕಟ್ಟಿಕೊಡುವ ಶಕ್ತಿ ಸ್ಥಪತಿಗಳಿಗಿತ್ತು, ಕಟ್ಟಿಸುವವರಿಗೆ ಆಯ್ಕೆಯೂ ಇತ್ತು.

ಗರ್ಭಗುಡಿಗಳ ಎಣಿಕೆಯೂ ಗುಡಿಯನ್ನು ಗುರುತಿಸುವ ಇನ್ನೊಂದು ರೀತಿ. ಒಂದಿದ್ದರೆ ಏಕಕೂಟ, ಎರಡಿದ್ದರೆ ದ್ವಿಕೂಟ, ಮೂರಿದ್ದರೆ ತ್ರಿಕೂಟ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಪಂಚಕೂಟ. ಗರ್ಭಗುಡಿಯ ಸುತ್ತ ಒಳಗೇ ಪ್ರದಕ್ಷಿಣೆಯ ದಾರಿ ಇದ್ದರೆ ಸಾಂಧಾರ, ಇಲ್ಲದಿದ್ದರೆ ನಿರಂಧಾರ.

ಮೂರು ಹೆಸರಿಗೂ ಸಿಗದ ಗುಡಿಗಳು ಬೇಕಾದಷ್ಟಿವೆ. ಐಹೊಳೆಯ ದುರ್ಗ ಗುಡಿಯ ಹಿಂಭಾಗ ದುಂಡಗೆ, ಗಜಪೃಷ್ಠ. ಮಧೂರಿನ ಗುಡಿಯೂ ಗಜಪೃಷ್ಠವೇ, ಆದರೆ ಮೇಲೆ ಇಳಿಜಾರು ಮಾಡು. ಕರಾವಳಿಯಲ್ಲಿ ವಿಮಾನ ಎತ್ತರಿಸುವ ಗೋಜಿಗೇ ಹೋಗದೆ ಮರದ ಮಾಡು ಕಟ್ಟಿ, ತಾಮ್ರ ಹೊದಿಸಿ, ಸೂರನ್ನು ಗೋಡೆಯಿಂದ ದೂರ ಇಳಿಸಿದರು. ವರ್ಷಕ್ಕೆ ನಾಲ್ಕು ತಿಂಗಳು ಸುರಿಯುವ ಮಳೆಯಲ್ಲಿ ಮುರಕಲ್ಲಿನ ಗೋಡೆ ಉಳಿಯಬೇಕಾದರೆ ಅದೇ ದಾರಿ. ಮನಾಲಿಯಲ್ಲಿ 1553ರ ಹಿಡಿಂಬಾ ಗುಡಿಯನ್ನು ಹಿಮಕ್ಕೆ ತಕ್ಕ ಹಾಗೆ ಮರದಲ್ಲಿ ಕಟ್ಟಿದ್ದಾರೆ. ಕಲ್ಲು ಸಿಗದ ಬಂಗಾಳದ ವಿಷ್ಣುಪುರದಲ್ಲಿ ಸುಟ್ಟ ಇಟ್ಟಿಗೆ, ಅದರ ಮೇಲೆ ಸುಟ್ಟ ಮಣ್ಣಿನ ಚಿತ್ರಗಳು.

ಹಾಗಾದರೆ ಗೋಪುರ ಏನು?

ಗೋಪುರ ಅಂದರೆ ಹೆಬ್ಬಾಗಿಲು. ಪ್ರಾಕಾರದ, ಅಂದರೆ ಗುಡಿಯ ಸುತ್ತಲಿನ ಗೋಡೆಯ, ಬಾಗಿಲ ಮೇಲೆ ನಿಲ್ಲುವ ಕಟ್ಟಡ. ದೇವರ ತಲೆಯ ಮೇಲೆ ನಿಲ್ಲುವುದು ವಿಮಾನ, ಅದು ಬೇರೆ. 1010ರಲ್ಲಿ ರಾಜರಾಜ ಚೋಳ ತಂಜಾವೂರಿನಲ್ಲಿ ಬೃಹದೀಶ್ವರ ಗುಡಿ ಮುಗಿಸಿದಾಗ ವಿಮಾನವೇ ಎತ್ತರ, 60 ಮೀಟರಿಗೂ ಜಾಸ್ತಿ. ಗೋಪುರಗಳು ಅದರ ಮುಂದೆ ಗಿಡ್ಡ. ಆಮೇಲಿನ ಶತಮಾನಗಳಲ್ಲಿ ಇದು ತಿರುಗಿತು. ಗುಡಿಯ ಸುತ್ತ ಊರು ಬೆಳೆಯಿತು, ಪ್ರಾಕಾರಗಳು ಹೆಚ್ಚಿದವು, ಹೊರಗಿನ ಬಾಗಿಲು ಎಲ್ಲಕ್ಕಿಂತ ಎತ್ತರವಾಯಿತು. ವಿಜಯನಗರದ ಅರಸರು ಆ ಪದ್ಧತಿಯನ್ನು ನಾಡಿನ ತುಂಬ ಹರಡಿದರು. ಶ್ರೀರಂಗದ ರಾಜಗೋಪುರ ಪೂರ್ತಿಯಾದದ್ದು 1987ರಲ್ಲಿ. ಮುರ್ಡೇಶ್ವರದ 20 ಅಂತಸ್ತಿನ ಗೋಪುರ ಇನ್ನೂ ಈಚಿನದು. ದೂರದಿಂದ ಕಾಣುವುದು, ಫೋಟೊದಲ್ಲಿ ಬರುವುದು ಗೋಪುರವೇ ಆದ್ದರಿಂದ ಅದೇ ಗುಡಿ ಅನ್ನುವ ಭಾವನೆ ಬೇರೂರಿತು.

ಗೋಪುರ ಸೇರಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಗುಡಿಗಳು ಯಾವತ್ತೂ ಬೆಳೆಯುತ್ತಲೇ ಬಂದಿವೆ. ಜೀರ್ಣೋದ್ಧಾರಕ್ಕೆ ಆಗಮಗಳಲ್ಲೇ ವಿಧಿ ಇದೆ. ಬೇಲೂರಿನ ಈಗಿನ ಗೋಪುರ ವಿಜಯನಗರದ ಕಾಲದ್ದು. ಹಂಪಿಯ ವಿರೂಪಾಕ್ಷಕ್ಕೆ ಕೃಷ್ಣದೇವರಾಯ 1510ರಲ್ಲಿ ರಂಗಮಂಟಪ ಸೇರಿಸಿದ. ಅಯೋಧ್ಯೆಯಲ್ಲಿ ಕೂಡ ನಾಗರ ಗುಡಿಯ ಸುತ್ತ, ಉತ್ತರದಲ್ಲಿ ಅಷ್ಟಾಗಿ ಕಾಣದ, ಪ್ರಾಕಾರ ಬಂದಿದೆ. ಆದರೆ ಬೇಲೂರಿನಲ್ಲಿ ಗೋಪುರ ಬಂದದ್ದು ಬಾಗಿಲಿಗೆ. ಚೆನ್ನಕೇಶವನ ಗೋಡೆಯ ಒಂದು ಕಲ್ಲನ್ನೂ ಅದು ಮುಚ್ಚಲಿಲ್ಲ. ಈಗಿನ ಜೀರ್ಣೋದ್ಧಾರದಲ್ಲಿ ಆಗುತ್ತಿರುವುದು ಬೇರೆ. ಗರ್ಭಗುಡಿಯ ಮೇಲಿನ ಹಳೆ ಶಿಖರ ತೆಗೆದು, ಆ ಜಾಗದಲ್ಲಿ ಗೋಪುರದಂಥದ್ದನ್ನು ಕೂರಿಸುತ್ತಾರೆ. ಕದಂಬ ನಾಗರದ ಮೆಟ್ಟಿಲು ಶಿಖರಕ್ಕೆ ಈ ಗತಿ ಬೇಗ ಬರುತ್ತದೆ. ಅದರಲ್ಲಿ ಬೊಂಬೆಗಳಿಲ್ಲ, ಬರೀ ಅಡ್ಡ ಪಟ್ಟಿಗಳು. ನೋಡಿದವರಿಗೆ "ಪಾಪ, ದುಡ್ಡು ಸಾಲದೆ ಅರ್ಧಕ್ಕೆ ನಿಲ್ಲಿಸಿದ್ದಾರೆ" ಅನಿಸುತ್ತದೆ. ಅದು ಅರ್ಧ ಕಟ್ಟಿದ ಶಿಖರವಲ್ಲ, ಪೂರ್ತಿಯಾದ ಬೇರೆ ಬಗೆಯ ಶಿಖರ.

ಭಾರದ ಪ್ರಶ್ನೆಯೂ ಇದೆ. ಹಳೆ ಗುಡಿಯಲ್ಲಿ ಗಾರೆ ಕಡಿಮೆ, ಕಲ್ಲಿನ ಮೇಲೆ ಕಲ್ಲು ತನ್ನ ತೂಕದಿಂದಲೇ ನಿಂತಿರುತ್ತದೆ. ಮೇಲ್ಕಟ್ಟಿನ ತೂಕ ಎಷ್ಟಿರಬೇಕು ಅನ್ನುವ ಲೆಕ್ಕ ತಳಪಾಯದಲ್ಲೇ ಸೇರಿದೆ. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ತೆಲಂಗಾಣದ ರಾಮಪ್ಪ ಗುಡಿಯಲ್ಲಿ ಶಿಖರಕ್ಕೆಂದೇ ನೀರಿನಲ್ಲಿ ತೇಲುವಷ್ಟು ಹಗುರವಾದ ಇಟ್ಟಿಗೆ ಮಾಡಿಸಿದ್ದರು. ಅಂಥ ಕಟ್ಟಡದ ತಲೆಯ ಮೇಲೆ ಕಬ್ಬಿಣ, ಕಾಂಕ್ರೀಟು ಏರಿಸಿದರೆ ಕಂಬ, ತೊಲೆ ಬಿರುಕು ಬಿಡುತ್ತವೆ. ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲು ದಾರಿ ಇರುವುದಿಲ್ಲ. ಕಲ್ಲಿನೊಳಗೇ ಉಪ್ಪು ಕೂತು ಮೇಲ್ಪದರ ಪುಡಿ ಉದುರುತ್ತದೆ. ಎಣ್ಣೆ ಬಣ್ಣವೂ ಅದೇ ಕೇಡು ಮಾಡುತ್ತದೆ. ಹಳೆ ಬಣ್ಣ ತೆಗೆಯಲು ಜೋರಾಗಿ ಮರಳು ಊದಿದರೆ ಬಣ್ಣದ ಜೊತೆ ಉಳಿಯ ಗುರುತೂ, ಶಾಸನದ ಅಕ್ಷರವೂ ಹೋಗುತ್ತವೆ. ನೆಲವನ್ನು ಒಂದೆರಡು ಅಡಿ ಏರಿಸಿ ಗ್ರಾನೈಟ್ ಹಾಕಿದಾಗ ಅಧಿಷ್ಠಾನ, ಅಂದರೆ ಗೋಡೆಯ ಬುಡದ ಪೀಠ, ಹೂತುಹೋಗುತ್ತದೆ. ಗುಡಿಯ ಬಗೆ ಹೇಳುವ ಅರ್ಧ ಗುರುತು ಅಲ್ಲೇ ಇರುತ್ತದೆ. ಎಷ್ಟೋ ಕಡೆ ಶಾಸನ ಕೊರೆದಿರುವುದೂ ಅಲ್ಲೇ.

ಕಾನೂನು ಇದನ್ನು ತಡೆಯುವುದಿಲ್ಲವೇ? ಸ್ವಲ್ಪ ಮಟ್ಟಿಗೆ ಮಾತ್ರ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ 100 ಮೀಟರು ಹೊಸದೇನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರು ಅನುಮತಿ ಬೇಕು. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಹೀಗೆ ಹೇಳುತ್ತದೆ. ಆದರೆ ಊರೊಳಗಿನ ಸಾಮಾನ್ಯ ಗುಡಿ ಯಾವ ರಕ್ಷಣೆಯ ಪಟ್ಟಿಯಲ್ಲೂ ಇರುವುದಿಲ್ಲ. ಕರ್ನಾಟಕದಲ್ಲಿ ಮುಜರಾಯಿ ಇಲಾಖೆಯ ಕೆಳಗೆ 34 ಸಾವಿರಕ್ಕೂ ಹೆಚ್ಚು ಗುಡಿಗಳಿವೆ. ಅವನ್ನು ಎ, ಬಿ, ಸಿ ಅಂತ ವಿಂಗಡಿಸುವುದು ವರ್ಷದ ಆದಾಯ ನೋಡಿ. ತೀರಾ ಹೆಚ್ಚಿನವು ಸಿ ವರ್ಗದವು. ಹುಂಡಿಯಲ್ಲಿ ಎಷ್ಟು ಬೀಳುತ್ತದೆ ಅನ್ನುವುದು ಈ ವರ್ಗದಿಂದ ತಿಳಿಯುತ್ತದೆ. ತ್ರಿಕೂಟವೋ, ಕದಂಬ ನಾಗರವೋ, ಎಷ್ಟನೇ ಶತಮಾನದ್ದೋ ಅನ್ನುವುದು ತಿಳಿಯುವುದಿಲ್ಲ.

ಬೇರೆ ರೀತಿಯಲ್ಲೂ ಮಾಡಬಹುದು ಅನ್ನುವುದಕ್ಕೆ ನಮ್ಮಲ್ಲೇ ಮಾದರಿ ಇದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ 1990ರ ದಶಕದಿಂದ ರಾಜ್ಯದ ಹಳೆ ಗುಡಿಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಅದೇ ಕಲ್ಲುಗಳನ್ನು ಅದೇ ಜಾಗದಲ್ಲಿ ಮತ್ತೆ ಜೋಡಿಸುವ ಕೆಲಸ ಮಾಡುತ್ತಾ ಬಂದಿದೆ. ಬಿಚ್ಚುವ ಮೊದಲು ಪ್ರತಿ ಕಲ್ಲಿಗೂ ನಂಬರು ಹಾಕುತ್ತಾರೆ. ಒಡೆದು ಹೋದದ್ದಕ್ಕೆ ಮಾತ್ರ ಹೊಸ ಕಲ್ಲು.

ನಿಮ್ಮೂರ ಗುಡಿಯಲ್ಲಿ ಕೆಲಸ ಶುರುವಾಗುವುದಿದ್ದರೆ ಸಮಿತಿಯ ಮೊದಲ ಸಭೆಯಲ್ಲೇ ಕೆಲವು ವಿಷಯ ಇಡಬಹುದು. ಗುಡಿಯ ನಾಲ್ಕೂ ಗೋಡೆ, ಅಧಿಷ್ಠಾನ, ಶಿಖರದ ಫೋಟೊ ತೆಗೆದು, ಅಳತೆ ಬರೆದಿಡಿ. ಶಾಸನ ಇದ್ದರೆ ಅದರ ಮೇಲೆ ಬಣ್ಣ, ಸುಣ್ಣ ಬೀಳದಂತೆ ನೋಡಿಕೊಂಡು ಓದಿಸಿ. ಕಾಲೇಜಿನ ಇತಿಹಾಸದ ಮೇಷ್ಟ್ರೋ ರಾಜ್ಯ ಪುರಾತತ್ವ ಇಲಾಖೆಯವರೋ ಓದಿಕೊಡುತ್ತಾರೆ. ನೆಲ ಏರಿಸುವ ಬದಲು ಸುತ್ತಲಿನ ಮಣ್ಣು ತೆಗೆದು ಮಳೆನೀರು ಹರಿದುಹೋಗಲು ದಾರಿ ಮಾಡಿ. ಸೋರುವ ಮಾಳಿಗೆಗೆ ಸುಣ್ಣದ ಗಾರೆ ಸಾಕು. ಗೋಪುರ ಬೇಕೇ ಬೇಕು ಅಂತ ಊರು ಹಟ ಹಿಡಿದರೆ ಅದು ಹೊರಗಿನ ಬಾಗಿಲಿಗೆ ಬರಲಿ, ತನ್ನದೇ ತಳಪಾಯದ ಮೇಲೆ, ಹಳೆ ಗೋಡೆಯಿಂದ ದೂರ. ಕೆಲಸಕ್ಕೆ ಕರೆದ ಸ್ಥಪತಿ ಅಂದಾಜು ಪಟ್ಟಿ ಕೊಡುವ ಮುಂಚೆ ಈಗ ನಿಂತಿರುವ ಶಿಖರ ಯಾವ ಬಗೆಯದು ಅಂತ ಕೇಳಿ, ಉತ್ತರವನ್ನು ಆ ಪಟ್ಟಿಯಲ್ಲೇ ಬರೆಸಿಕೊಳ್ಳಿ. ಆ ಸಾಲು ಬರೆಯಲು ಆಗದವರ ಕೈಗೆ ಶಿಖರ ಬಿಚ್ಚುವ ಕೆಲಸ ಕೊಡಬೇಡಿ.